ಮುಚ್ಚಿದ ಪೆಟ್ಟಿಗೆಗೆ ಸಾಕ್ಷಿ ಯಾರು?



ಕೊಡುವುದು ಕೊಳ್ಳುವುದು ಮನುಷ್ಯನ ಬಾಳಿನಷ್ಟೇ ಹಳೆಯದು. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ನಿಲ್ಲುತ್ತಾರೆ. ತಕ್ಕಡಿ ಇಬ್ಬರ ಕಣ್ಣ ಮುಂದೆಯೇ ತೂಗುತ್ತದೆ. ಬದನೆಕಾಯಿ ಹುಳುಕಾಗಿದ್ದರೆ ಅಲ್ಲೇ ಆರಿಸಿ ತೆಗೆಯುತ್ತೇವೆ, ಚಿಲ್ಲರೆ ಕಡಿಮೆ ಬಂದರೆ ಅಲ್ಲೇ ಕೇಳುತ್ತೇವೆ. ಜಗಳವಾದರೂ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಇಂದು ಹಾಗಲ್ಲ. ಮೊಬೈಲಿನ ಮೇಲೆ ಬೆರಳೊತ್ತಿ ಸಾಮಾನು ತರಿಸುವ ಕಾಲ ಬಂದಿದೆ. ಮಾರುವವನು ಸೂರತ್ತಿನಲ್ಲೋ ದೆಹಲಿಯಲ್ಲೋ ಇರುತ್ತಾನೆ. ಕೊಳ್ಳುವವರು ನಾವು ಬೆಟ್ಟದ ಮೇಲೆ ಇರುತ್ತೇವೆ. ನಡುವೆ ಇರುವುದು ಮುಚ್ಚಿದ ಒಂದು ಪೆಟ್ಟಿಗೆ. ಅದು ತಲುಪಲೇ ಇಲ್ಲವೆಂದೋ, ತಲುಪಿದರೂ ಒಳಗೆ ಬೇರೇನೋ ಇತ್ತೆಂದೋ ತಕರಾರು ಎದ್ದಾಗ ಸತ್ಯವನ್ನು ನುಡಿಯಬೇಕಾದವರು ಯಾರು? ನಷ್ಟವನ್ನು ಹೊರಬೇಕಾದವರು ಯಾರು? ಮೇಲುನೋಟಕ್ಕೆ ಇದು ವ್ಯಾಪಾರದ ಪ್ರಶ್ನೆ. ಆದರೆ ಆಳಕ್ಕಿಳಿದು ನೋಡಿದರೆ ನಮ್ಮ ನಿಮ್ಮೆಲ್ಲರ ನಡತೆಯ ಪ್ರಶ್ನೆ. ಆದ್ದರಿಂದ ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ನಮ್ಮ ತಾಳಮಲೆ ಸೀಮೆಯ ಸ್ಥಿತಿ ಸ್ವಲ್ಪ ವಿಶೇಷವಾದದ್ದು. 1956ರಲ್ಲಿ ಭಾಷಾವಾರು ರಾಜ್ಯಗಳ ರಚನೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅಂದಿನಿಂದ ನಮ್ಮ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಹತ್ತಿರದ ಪೇಟೆ ಚಾಮರಾಜನಗರ, ಜಿಲ್ಲಾ ಕೇಂದ್ರ ಬೆಟ್ಟದ ಕೆಳಗಿನ ಈರೋಡು. ನಮ್ಮ ವಿಳಾಸದ ಪಿನ್‌ಕೋಡು ತಮಿಳುನಾಡಿನದು. ಆದ್ದರಿಂದ ನಮ್ಮ ಹೆಸರಿನ ಪೆಟ್ಟಿಗೆ ಬಹುಮಟ್ಟಿಗೆ ಸತ್ಯಮಂಗಲದ ಕಡೆಯಿಂದ ಹೊರಟು, ಬಣ್ಣಾರಿ ದಾಟಿ, ದಿಂಬಂ ಘಾಟಿನ 27 ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡು ಹಾದು ಬರಬೇಕು. ದಾರಿಯಲ್ಲಿ ಆನೆ ನಿಂತರೆ ಗಾಡಿ ನಿಲ್ಲಬೇಕು. ಮಳೆಗಾಲದಲ್ಲಿ ಮಣ್ಣು ಕುಸಿದರೆ ಆ ದಿನದ ಸಂಚಾರವೇ ಕಟ್ಟು. ಈ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರ ಫೆಬ್ರವರಿ 10ರಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಈ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಹೀಗಾಗಿ ಪೆಟ್ಟಿಗೆ ತರುವ ಹುಡುಗನಿಗೆ ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಸಿ ಬೆಟ್ಟ ಇಳಿಯುವ ಅವಸರ.

ದೂರದಿಂದ ಸಾಮಾನು ತರಿಸುವುದು ನಮಗೆ ಹೊಸದೇನೂ ಅಲ್ಲ. ಹಿಂದೆ ಬೆಂಗಳೂರು, ಮೈಸೂರುಗಳಿಂದ ವಿ.ಪಿ.ಪಿ. ಮೂಲಕ ಪುಸ್ತಕ ತರಿಸುತ್ತಿದ್ದೆವು. ತಂದುಕೊಡುವ ಅಂಚೆಯಣ್ಣ ಗುರುತಿನವನು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ನಾಳೆ ಬರುತ್ತಿದ್ದ, ಇಲ್ಲವೇ ಹೊಲಕ್ಕೇ ಬಂದು ಕೊಡುತ್ತಿದ್ದ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುವ ಅಂಗಡಿಯಾಗಿ ಕಂಪ್ಯೂಟರಿನಲ್ಲೇ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ವಸ್ತು ಮನೆಗೆ ಬಂದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. ಅದು ಹಳೆಯ ವಿ.ಪಿ.ಪಿ.ಯ ಹೊಸ ರೂಪವೇ ಸರಿ. ಬದಲಾದದ್ದು ಪದ್ಧತಿಗಿಂತ ಹೆಚ್ಚಾಗಿ ಪರಿಚಯ. ಈಗ ಮಾರುವವನ ಮುಖ ನಮಗೆ ಗೊತ್ತಿಲ್ಲ, ತರುವವನ ಹೆಸರೂ ಗೊತ್ತಿಲ್ಲ.

ಇನ್ನು ನನ್ನ ಅನುಭವವನ್ನೇ ಹೇಳುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಿಲ್ಲ. ಹೇಳದೆ ಉಪದೇಶ ಮಾಡುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಹೊಲದಲ್ಲಿ ಕೋಸು ಕಟ್ಟುವ ಸಮಯ. ಕಾಡುಹಂದಿ, ಆನೆಗಳ ಕಾಟಕ್ಕೆ ರಾತ್ರಿ ಕಾವಲು ಕೂರಬೇಕಾಗಿತ್ತು. ದೂರಕ್ಕೆ ಬೆಳಕು ಬೀಳುವ ಟಾರ್ಚು ಬೇಕೆಂದು ಮಗನಿಗೆ ಹೇಳಿದೆ. ಅವನು ಮೊಬೈಲಿನಲ್ಲಿ ಹುಡುಕಿ, 1,149 ರೂಪಾಯಿ ಮುಂಗಡವಾಗಿಯೇ ಕಟ್ಟಿ ತರಿಸಿದ. ಆರನೆಯ ದಿನ ಸಂಜೆ 'ನಿಮ್ಮ ವಸ್ತು ತಲುಪಿಸಲಾಗಿದೆ' ಎಂಬ ಸಂದೇಶ ಬಂತು. ಮನೆಯಲ್ಲಿ ವಸ್ತುವಿಲ್ಲ! ತಂದ ಹುಡುಗನ ನಂಬರಿಗೆ ಫೋನು ಮಾಡಿದರೆ ತಾಗಲಿಲ್ಲ; ಬಹುಶಃ ಕಾಡಿನ ದಾರಿಯಲ್ಲಿದ್ದ. ಮರುದಿನ ಸಿಕ್ಕಾಗ ಅವನು ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಸಾರ್, ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಕೊಟ್ಟಿದ್ದೇನೆ, ಗೇಟು ಮುಚ್ಚುವ ಹೊತ್ತಾಗಿತ್ತು" ಎಂದ. ಟೀ ಅಂಗಡಿಯವನನ್ನು ಕೇಳಿದರೆ "ನನಗೆ ಯಾರೂ ಕೊಟ್ಟಿಲ್ಲ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಹುಡುಗನಿಗೆ ಮತ್ತೆ ಫೋನು ಮಾಡಿ "ಕಳ್ಳ" ಎಂದೆ. ಇನ್ನೂ ಏನೇನೋ ಅಂದೆ. ಮಗ ಕಂಪನಿಗೆ ದೂರು ಬರೆದ. ನಾಲ್ಕು ದಿನಗಳಲ್ಲಿ ಹಣ ವಾಪಸು ಬಂತು. ನ್ಯಾಯ ಸಿಕ್ಕಿತೆಂದು ನಾನೂ ಸುಮ್ಮನಾದೆ.

ಮೂರು ವಾರ ಕಳೆದ ಮೇಲೆ ಅದೇ ಟೀ ಅಂಗಡಿಯವನು ಕರೆದು, "ಅಣ್ಣಾ, ಸಕ್ಕರೆ ಮೂಟೆಯ ಹಿಂದೆ ಒಂದು ಡಬ್ಬ ಸಿಕ್ಕಿತು, ನಿಮ್ಮ ಹೆಸರಿದೆ ನೋಡಿ. ಅವತ್ತು ಅಂಗಡಿಯಲ್ಲಿ ನಮ್ಮ ಹುಡುಗ ಇದ್ದ, ಇಸಕೊಂಡು ಇಟ್ಟು ಮರೆತಿದ್ದಾನೆ" ಎಂದು ಕೊಟ್ಟ. ತೆರೆದರೆ ಟಾರ್ಚು! ಈಗ ನನ್ನ ಕೈಯಲ್ಲಿ ವಸ್ತುವೂ ಇತ್ತು, ಅದರ ಹಣವೂ ಇತ್ತು. ಹುಡುಗ ಹೇಳಿದ ಮಾತು ನಿಜವಾಗಿತ್ತು.

ಮನೆಯಲ್ಲಿ ಚರ್ಚೆಯಾಯಿತು. ಮಗ, "ಅಪ್ಪಾ, ಬುಡಿ. ಅಷ್ಟು ದೊಡ್ಡ ಕಂಪನಿಗೆ ಸಾವಿರ ರೂಪಾಯಿ ಯಾವ ಲೆಕ್ಕ?" ಎಂದ. ನಮ್ಮ ಮನೆಯವರು ಒಲೆಯ ಮುಂದಿನಿಂದಲೇ, "ಲೆಕ್ಕ ಕಂಪನಿದಲ್ಲ, ನಮ್ಮದು. ಆ ದುಡ್ಡು ನಮ್ಮದಾ?" ಎಂದರು. ನಾನು ಉತ್ತರ ಕೊಡಲಾಗಲಿಲ್ಲ. ಹಣ ಹಿಂದಿರುಗಿಸೋಣವೆಂದು ಮಗನ ಮೊಬೈಲು ತೆಗೆದು ನೋಡಿದೆವು. 'ವಸ್ತು ಬಂದಿಲ್ಲ', 'ವಸ್ತು ಹಾಳಾಗಿದೆ', 'ಬೇರೆ ವಸ್ತು ಬಂದಿದೆ' ಎಂದು ಒತ್ತಲು ಜಾಗಗಳಿದ್ದವು. 'ವಸ್ತು ಸಿಕ್ಕಿತು, ನಾನು ಹೇಳಿದ್ದು ತಪ್ಪು' ಎನ್ನಲು ಜಾಗ ಸಿಗಲಿಲ್ಲ. ಫೋನಿನಲ್ಲಿ ಸಿಕ್ಕ ಹೆಣ್ಣುಮಗಳು, "ಪರವಾಗಿಲ್ಲ ಸಾರ್, ಇಟ್ಟುಕೊಳ್ಳಿ, ಈ ದೂರು ಮುಗಿದಿದೆ" ಎಂದರು.

ಬಂಧುಗಳೇ, ದೂರು ಮುಗಿದಿತ್ತು. ಆದರೆ ಪ್ರಶ್ನೆ ಆರಂಭವಾಗಿತ್ತು.

ಮುಚ್ಚಿದ ಪೆಟ್ಟಿಗೆಯ ವಿಷಯದಲ್ಲಿ ಯಾರಿಗೆ ಏನು ಗೊತ್ತಿರುತ್ತದೆಂದು ಸ್ವಲ್ಪ ಯೋಚಿಸಿ ನೋಡೋಣ. ಒಳಗೆ ಏನು ಇಟ್ಟೆನೆಂಬುದು ಕಟ್ಟಿದವನಿಗೆ ಮಾತ್ರ ಗೊತ್ತು. ಒಳಗೆ ಏನು ಸಿಕ್ಕಿತೆಂಬುದು ತೆರೆದವನಿಗೆ ಮಾತ್ರ ಗೊತ್ತು. ಇಬ್ಬರ ಮಾತಿಗೂ ಬೇರೆ ಸಾಕ್ಷಿಯಿಲ್ಲ. ನಡುವೆ ಹೊತ್ತು ತಂದವನಿಗೆ ಒಳಗಿರುವುದು ಬಂಗಾರವೋ ಕಲ್ಲೋ ತಿಳಿಯದು. ಆದರೆ ಜಗಳ ಬಂದಾಗ ಇಬ್ಬರೂ ಬೆರಳು ತೋರುವುದು ಅವನ ಕಡೆಗೆ. ಏಕೆಂದರೆ ಕಣ್ಣಿಗೆ ಕಾಣುವವನು ಅವನೊಬ್ಬನೇ. 'ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ' ಎಂಬ ಗಾದೆ ಹೀಗೆಯೇ ಹುಟ್ಟಿರಬೇಕು. ಎಲ್ಲರಿಗಿಂತ ಕಡಿಮೆ ತಿಳಿದವನು ಎಲ್ಲರಿಗಿಂತ ಹೆಚ್ಚು ಹೊರುತ್ತಾನೆ. ಇದು ಧರ್ಮವೇ?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿಯುವುದು ಅವಶ್ಯಕ. ನಮ್ಮ ದೇಶದಲ್ಲಿ 1930ರ ಸರಕು ಮಾರಾಟ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ 39ನೆಯ ಪ್ರಕರಣದ ಪ್ರಕಾರ, ಒಪ್ಪಂದದಂತೆ ಮಾರುವವನು ಸರಕನ್ನು ಸಾಗಿಸುವವನ ಕೈಗೆ ಒಪ್ಪಿಸಿದರೆ, ಬೇರೆ ಮಾತಿಲ್ಲದಿದ್ದಲ್ಲಿ, ಕೊಳ್ಳುವವನಿಗೆ ಒಪ್ಪಿಸಿದಂತೆಯೇ. ಲಾರಿಗೂ ರೈಲಿಗೂ ಸರಕು ಹಾಕುತ್ತಿದ್ದ ವ್ಯಾಪಾರಿಗಳ ಕಾಲದ ನ್ಯಾಯವದು. ಮೊಬೈಲಿನಲ್ಲಿ ಒಂದು ಸೀರೆ ತರಿಸುವ ಗೃಹಿಣಿಗೆ ಆ ನ್ಯಾಯ ಭಾರವಾಗುತ್ತದೆಂದು ಹೊಸ ಕಾನೂನುಗಳು ಬಂದವು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬದಲು 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಬಂದವು. ಅವುಗಳಂತೆ ದೂರು ಬಂದ 48 ಗಂಟೆಗಳೊಳಗೆ ಕಂಪನಿಯ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹಾರ ಮಾಡಬೇಕು. ದೂರಿಗೆ ಒಂದು ಸಂಖ್ಯೆ ಕೊಡಬೇಕು. ಮಾರುವವನ ವಿವರ ಗ್ರಾಹಕನಿಗೆ ಸಿಗುವಂತಿರಬೇಕು. ವಸ್ತು ದೋಷವುಳ್ಳದ್ದಾಗಿದ್ದರೆ, ಹೇಳಿದಂತೆ ಇರದಿದ್ದರೆ, ಹೇಳಿದ ದಿನ ಕಳೆದು ಬಂದರೆ ವಾಪಸು ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ಆದರೆ ಮನುಷ್ಯನ ಕೈಮೀರಿದ ಕಾರಣದಿಂದ ತಡವಾದರೆ ಈ ಮಾತಿಗೆ ವಿನಾಯಿತಿಯಿದೆ. ದಿಂಬಂನಲ್ಲಿ ಗುಡ್ಡ ಜರಿದು ಎರಡು ದಿನ ತಡವಾದರೆ ಮಾರುವವನನ್ನು ದೂರುವುದು ನ್ಯಾಯವಲ್ಲವೆಂಬುದನ್ನು ಕಾನೂನೂ ಬಲ್ಲದು.

ಪರಿಹಾರ ಸಿಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಮುಂದೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹೊಸ ಕಾಯಿದೆಯಂತೆ ಕಂಪನಿ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಅದು ಈರೋಡು, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ 2020ರಿಂದ ಮನೆಯಲ್ಲೇ ಕುಳಿತು ಗಣಕಯಂತ್ರದ ಮೂಲಕ ದೂರು ಸಲ್ಲಿಸುವ ವ್ಯವಸ್ಥೆ ಬಂದಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಇವು ಬರಿಯ ಕಾಗದದ ಮಾತುಗಳಲ್ಲ. ಬೆಂಗಳೂರಿನ ಒಬ್ಬ ಮಹಿಳೆ 2022ರ ಜನವರಿಯಲ್ಲಿ 12,499 ರೂಪಾಯಿ ಕಟ್ಟಿ ಮೊಬೈಲು ತರಿಸಲು ಹೇಳಿದರು. ವಸ್ತು ಬರಲೇ ಇಲ್ಲ. ಅವರು ಗ್ರಾಹಕ ಆಯೋಗಕ್ಕೆ ಹೋದರು. ಆ ಹಣವನ್ನು ಶೇಕಡ 12 ಬಡ್ಡಿಯೊಡನೆ ಹಿಂದಿರುಗಿಸಿ, ಮೇಲೆ 20,000 ರೂಪಾಯಿ ಮತ್ತು ವ್ಯಾಜ್ಯದ ವೆಚ್ಚ 10,000 ರೂಪಾಯಿ ಕೊಡಬೇಕೆಂದು ಆಯೋಗವು ಫ್ಲಿಪ್‌ಕಾರ್ಟಿಗೆ ಆದೇಶಿಸಿತು. ಅದೇ 2022ರ ದೀಪಾವಳಿಯ ಸಮಯದಲ್ಲಿ ಮಂಗಳೂರಿನ ಒಬ್ಬರು ಲ್ಯಾಪ್‌ಟಾಪು ತರಿಸಿದಾಗ ಪೆಟ್ಟಿಗೆಯೊಳಗೆ ಕಲ್ಲು ಸಿಕ್ಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅವರಿಗೆ ಹಣ ಮರಳಿತು. ಮೋಸ ನಡೆಯುತ್ತದೆ, ಹೋರಾಡಿದವರಿಗೆ ನ್ಯಾಯವೂ ಸಿಗುತ್ತದೆ. ಆದ್ದರಿಂದ ವಂಚನೆಗೊಳಗಾದವರು 'ಹೋಗಲಿ ಬಿಡು' ಎಂದು ಸುಮ್ಮನಿರಬೇಕೆಂದು ನಾನು ಹೇಳುವುದಿಲ್ಲ. ಸುಮ್ಮನಿದ್ದರೆ ಮೋಸಗಾರನಿಗೆ ಬಲ ಬರುತ್ತದೆ, ಮುಂದಿನವನೂ ಮೋಸ ಹೋಗುತ್ತಾನೆ.

ಆದರೆ ಕಾನೂನಿಗೆ ಒಂದು ಮಿತಿಯಿದೆ. ಹಣ ಯಾರು ಕೊಡಬೇಕೆಂಬುದನ್ನು ಅದು ತೀರ್ಮಾನಿಸಬಲ್ಲದು. ಪೆಟ್ಟಿಗೆ ತೆರೆದ ಕ್ಷಣ ಒಳಗೆ ಏನಿತ್ತೆಂಬುದನ್ನು ಅದು ನೋಡಲಾರದು. ಇದಕ್ಕಾಗಿಯೇ ಕಂಪನಿಗಳು ಓಟಿಪಿ ಎಂಬ ಗುಟ್ಟಿನ ಅಂಕಿ ಕೇಳುತ್ತವೆ, ಫೋಟೋ ತೆಗೆಸುತ್ತವೆ, ಕೆಲವು ವಸ್ತುಗಳನ್ನು ಎದುರಿಗೇ ಬಿಚ್ಚಿ ತೋರಿಸುತ್ತವೆ. ಗ್ರಾಹಕರೂ ಪೆಟ್ಟಿಗೆ ತೆರೆಯುವುದನ್ನು ವಿಡಿಯೋ ಮಾಡಿಟ್ಟುಕೊಳ್ಳುತ್ತಾರೆ. ಇವೆಲ್ಲ ಒಳ್ಳೆಯ ಏರ್ಪಾಡುಗಳೇ. ಆದರೂ ಕೊನೆಗೆ ಉಳಿಯುವುದು ಒಬ್ಬನ ಮಾತು. ನೂರು ಜನರ ಮುಂದೆ ನಡೆದದ್ದಕ್ಕೆ ಸುಳ್ಳು ಹೇಳಲು ಕಷ್ಟ. ತಾನೊಬ್ಬನೇ ಕಂಡದ್ದಕ್ಕೆ ಸುಳ್ಳು ಹೇಳಲು ಸುಲಭ. ಆದ್ದರಿಂದ ಒಬ್ಬನೇ ಸಾಕ್ಷಿಯಾದವನ ಹೊಣೆ ನೂರು ಜನ ಸಾಕ್ಷಿಗಳ ಹೊಣೆಗಿಂತ ದೊಡ್ಡದು. ಮನಸ್ಸಾಕ್ಷಿ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಬೇರೆ ಸಾಕ್ಷಿಯಿಲ್ಲದ ಕಡೆಯಲ್ಲಿಯೇ. 'ಬಂದಿಲ್ಲ' ಎಂದು ಬೆರಳೊತ್ತುವಾಗ ನಾವು ಗೊಣಗುತ್ತಿಲ್ಲ, ಸಾಕ್ಷಿ ನುಡಿಯುತ್ತಿದ್ದೇವೆ. ನ್ಯಾಯಾಲಯದ ಕಟಕಟೆ ಕಾಣಿಸದಿದ್ದರೂ ಅದು ಸಾಕ್ಷಿಯೇ.

'ಕಂಪನಿ ದೊಡ್ಡದು, ಅದಕ್ಕೇನು ನಷ್ಟ' ಎಂಬ ಮಾತನ್ನು ನನ್ನ ಮಗನೊಬ್ಬನೇ ಆಡುವುದಲ್ಲ. ಓದಿದವರೂ ಆಡುತ್ತಾರೆ. ಇದನ್ನು ವಿಚಾರ ಮಾಡಬೇಕು. ಈ ದೊಡ್ಡ ಕಂಪನಿಗಳು ಬಹುಪಾಲು ಸಾಮಾನನ್ನು ತಾವೇ ಮಾರುವುದಿಲ್ಲ. ಅವು ಸಂತೆಮಾಳದಂತೆ ಜಾಗ ಕೊಡುತ್ತವೆ, ಮಾರುವವರು ಬೇರೆ. ಅವರಲ್ಲಿ ದೊಡ್ಡ ವ್ಯಾಪಾರಿಗಳೂ ಇದ್ದಾರೆ, ಮನೆಯಲ್ಲಿ ಬಟ್ಟೆ ಹೊಲಿದು ಮಾರುವ ಹೆಣ್ಣುಮಕ್ಕಳೂ ಇದ್ದಾರೆ, ಮಗ್ಗದವರೂ ಇದ್ದಾರೆ. ಗಿರಾಕಿ ಸುಳ್ಳು ಹೇಳಿ ಹಳೆಯ ಸೀರೆ ಮಡಚಿ ವಾಪಸು ಕಳಿಸಿದರೆ ಆ ಹೆಣ್ಣುಮಗಳು ಏನು ಮಾಡಬೇಕು? ಗ್ರಾಹಕ ಆಯೋಗ ಗ್ರಾಹಕನಿಗಾಗಿ ಇದೆ; ಮಾರಿದವಳು ಗಿರಾಕಿಯ ಮೇಲೆ ಅಲ್ಲಿ ದೂರು ಕೊಡಲಾಗದು. ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದಿದೆಯಾದರೂ ಎಂಟುನೂರು ರೂಪಾಯಿಯ ಸೀರೆಗೆ ಯಾರು ವಕೀಲರನ್ನು ಹಿಡಿದಾರು? ನಷ್ಟಕ್ಕೆ ನೀರಿನ ಗುಣವಿದೆ. ಎತ್ತರದಲ್ಲಿ ಸುರಿದರೂ ಅದು ಅಲ್ಲಿ ನಿಲ್ಲುವುದಿಲ್ಲ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಬೆಟ್ಟದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯ ಮೇಲೆ ಸುರಿದ ನಷ್ಟ ಚಿಕ್ಕ ಮಾರಾಟಗಾರನ ಬಳಿಗೋ, ಗುತ್ತಿಗೆದಾರನ ಬಳಿಗೋ, ಕೊನೆಗೆ ಬೈಕಿನ ಹುಡುಗನ ಬಳಿಗೋ ಹರಿದು ನಿಲ್ಲುತ್ತದೆ.

ಕಾಣದ ಮಾರಾಟಗಾರನ ಕಷ್ಟ ನಮಗೆ ಅರ್ಥವಾಗದೆ? ನಾವೇ ಅಲ್ಲವೇ ಆ ಮಾರಾಟಗಾರರು! ನಮ್ಮ ಕೋಸು, ಟಮಾಟೆ, ಆಲೂಗಡ್ಡೆಗಳನ್ನು ಲಾರಿಗೆ ಹೇರಿ ದೂರದ ಪೇಟೆಯ ಮಂಡಿಗಳಿಗೆ ಕಳಿಸುತ್ತೇವೆ. ಲಾರಿ ಹೊರಟ ಮೇಲೆ ನಾವು ಮನೆಯಲ್ಲಿ, ಸರಕು ಅಲ್ಲಿ. ಬೆಳಿಗ್ಗೆ ಮಂಡಿಯಿಂದ ಫೋನು ಬರುತ್ತದೆ: "ಹತ್ತು ಮೂಟೆ ಕೊಳೆತಿದೆ, ತೂಕ ಕಡಿಮೆ ಬಂದಿದೆ." ಮೂಟೆ ಬಿಚ್ಚಿದವನು ಅವನು, ನೋಡಿದವನು ಅವನು. ನಾವು ಏನು ಮಾಡುತ್ತೇವೆ? ಅವನ ಮಾತನ್ನು ನಂಬುತ್ತೇವೆ, ಇಲ್ಲವೇ ನಂಬದೆಯೇ ನುಂಗುತ್ತೇವೆ. ಆಗ ನಮ್ಮ ಹೊಟ್ಟೆಯಲ್ಲಿ ಆಗುವ ಸಂಕಟ ಎಲ್ಲ ರೈತರಿಗೂ ಗೊತ್ತು. ಮಂಡಿಯವನು ಒಂದು ಮೂಟೆಯ ಸುಳ್ಳು ಹೇಳಿದರೆ ಒಂದು ಮನೆಯ ಒಂದು ವಾರದ ಖರ್ಚು ಹೋಗುತ್ತದೆ. ಮೂಟೆ ಕಳಿಸುವಾಗ ಇನ್ನೊಬ್ಬನಿಂದ ಯಾವ ಪ್ರಾಮಾಣಿಕತೆಯನ್ನು ಬಯಸುತ್ತೇವೆಯೋ, ಪೆಟ್ಟಿಗೆ ತೆರೆಯುವಾಗ ಅದನ್ನೇ ನಾವು ತೋರಬೇಕಲ್ಲವೇ? ಮಂಡಿಯವನಿಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಎಂಬುದು ನಡೆಯದು.

ಇನ್ನು ಹೊತ್ತು ತರುವವನ ವಿಷಯ. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ನಡೆದ ಘಟನೆಯನ್ನು ನೆನೆದರೆ ಮೈ ನಡುಗುತ್ತದೆ. 46,000 ರೂಪಾಯಿ ಬೆಲೆಯ ಮೊಬೈಲನ್ನು ಮನೆಗೆ ತಲುಪಿಸಲು ಹೋದ ಯುವಕ ಕೊಲೆಯಾದ. ಕೊಡಲು ಹಣವಿಲ್ಲದೆ, ಮೊಬೈಲಿನ ಆಸೆಗೆ ಆ ವಸ್ತು ತರಿಸಿದ್ದವನೇ ಕೊಂದನೆಂದು ಪೊಲೀಸರು ಇಪ್ಪತ್ತರ ಹರೆಯದ ಒಬ್ಬನನ್ನು ಬಂಧಿಸಿದರು. ಇಂಥ ಕ್ರೌರ್ಯ ಅಪರೂಪ ನಿಜ. ಆದರೆ ಬಾಗಿಲಿಗೆ ಬಂದವನನ್ನು ಮನುಷ್ಯನೆಂದು ನೋಡದೆ ವಸ್ತುವಿನ ಬಾಲದಂತೆ ನೋಡುವ ಅಭ್ಯಾಸ ಅಪರೂಪವಲ್ಲ. ನಾನೂ ಅದೇ ಅಭ್ಯಾಸದವನಾಗಿದ್ದೆ. ಸರ್ಕಾರಗಳು ಈಗ ಇವರ ಕಡೆಗೆ ಕಣ್ಣು ತೆರೆಯುತ್ತಿವೆ. ತಮಿಳುನಾಡು ಇಂಥ ಕೆಲಸಗಾರರಿಗಾಗಿ 2023ರಲ್ಲಿ ಕಲ್ಯಾಣ ಮಂಡಳಿಯನ್ನು ರಚಿಸಿತು. ಕರ್ನಾಟಕವು 2025ರಲ್ಲಿ ಕಾಯಿದೆಯನ್ನೇ ತಂದು, ಕಾರಣ ಹೇಳದೆ, ಮುಂಚಿತವಾಗಿ ತಿಳಿಸದೆ ಅವರನ್ನು ಕೆಲಸದಿಂದ ತೆಗೆಯಬಾರದೆಂದಿತು. ಕಾಯಕ ಯಾವುದಾದರೂ ಕಾಯಕವೇ ಎಂದು ಕೇಳುತ್ತ ಬೆಳೆದ ನಾವು, ಬಿಸಿಲಲ್ಲಿ ಬೆಟ್ಟ ಹತ್ತಿ ಬಂದವನಿಗೆ ಒಂದು ಲೋಟ ನೀರು ಕೊಡಲು ಕಾಯಿದೆ ಬೇಕೇ?

ಕಲ್ಯಾಣದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿರೆಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ. ಯಾರೂ ಕೇಳಿರಲಿಲ್ಲ, ಯಾರಿಗೂ ಅದರ ಲೆಕ್ಕವಿರಲಿಲ್ಲ. ಆದರೂ ಆಕೆಗೆ ಲೆಕ್ಕವಿತ್ತು. ಒಲೆಯ ಮುಂದೆ ಕುಳಿತು ನಮ್ಮ ಮನೆಯವರು ಆಡಿದ ಮಾತು ಅಂದು ನನಗೆ ಆ ಕಥೆಯನ್ನು ನೆನಪಿಸಿತು. ಮಾರಯ್ಯನವರಿಗಾದರೋ ಅಕ್ಕಿಯನ್ನು ಸುರಿದು ಬರಲು ಅಂಗಳವಿತ್ತು. ಇಂದಿನ ವ್ಯವಸ್ಥೆಯಲ್ಲಿ ಹೆಚ್ಚಾದದ್ದನ್ನು ಹಿಂದಿರುಗಿಸಲು ಅಂಗಳವೇ ಇಲ್ಲ. 'ಬಂದಿಲ್ಲ' ಎನ್ನಲು ಒಂದು ಬೆರಳು ಸಾಕು, 'ಬಂತು' ಎನ್ನಲು ಹತ್ತು ಬಾಗಿಲು ತಟ್ಟಬೇಕು. ಸುಳ್ಳನ್ನು ಸುಲಭವಾಗಿಸಿ ಸತ್ಯವನ್ನು ಕಷ್ಟವಾಗಿಸುವ ಏರ್ಪಾಡು ಒಳ್ಳೆಯ ಏರ್ಪಾಡಲ್ಲ. ಕಂಪನಿಗಳು ಇದನ್ನು ತಿದ್ದಿಕೊಳ್ಳಬೇಕು. ಆದರೆ ದಾರಿ ಕಷ್ಟವೆಂಬ ಕಾರಣಕ್ಕೆ ನಮ್ಮ ಹೊಣೆ ಕಳೆಯುವುದಿಲ್ಲ.

ನಾನು ಕೊನೆಗೆ ಮಾಡಿದ್ದಿಷ್ಟು. ಫೋನಿನಲ್ಲಿ ಉಳಿದಿದ್ದ ಆ ಹುಡುಗನ ನಂಬರಿಗೆ ಕರೆ ಮಾಡಿದೆ. ಅವನು ಈಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಇದ್ದಾನೆ. ಟಾರ್ಚು ಸಿಕ್ಕಿತಪ್ಪ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಾನು ಅವತ್ತೇ ಹೇಳಿದೆನಲ್ಲ" ಎಂದ. ಕೇಳಿದಾಗ ತಿಳಿಯಿತು, ಆ 1,149 ರೂಪಾಯಿಯನ್ನು ಗುತ್ತಿಗೆದಾರ ಅವನ ಕೂಲಿಯಲ್ಲೇ ಹಿಡಿದಿದ್ದ. ಒಂದು ಪೆಟ್ಟಿಗೆ ತಲುಪಿಸಿದರೆ ಅವನಿಗೆ ಸಿಗುತ್ತಿದ್ದುದು 14 ರೂಪಾಯಿ. ಲೆಕ್ಕ ಹಾಕಿದೆ: 82 ಪೆಟ್ಟಿಗೆಗಳ ಕೂಲಿ! ನನ್ನ ಒಂದು ದೂರು ಅವನ ಬೆನ್ನಿನ ಮೇಲೆ 82 ಪೆಟ್ಟಿಗೆಗಳನ್ನು ಹೇರಿತ್ತು. ಅಂದೇ ಹಣ ಕಳಿಸಿದೆ. ಅವನು ಇನ್ನೊಂದು ಕೇಳಿದ: "ಸಾರ್, ನಾನು ಕದಿಯಲಿಲ್ಲ ಅಂತ ಅವರಿಗೂ ಒಂದು ಮಾತು ಹೇಳಿ." ಗುತ್ತಿಗೆದಾರನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವನು ನಕ್ಕು, "ಆ ಲೆಕ್ಕ ಎಂದೋ ಮುಗಿಯಿತು, ಬಿಡಿ" ಎಂದ. ಹಣ ಮರಳಿಸಲು ಹೇಗೋ ದಾರಿ ಸಿಕ್ಕಿತು. ಕಳೆದ ಹೆಸರನ್ನು ಮರಳಿಸಲು ದಾರಿ ಸಿಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇದಕ್ಕೇ.

'ಹಾಗಾದರೆ ನಾವು ದೂರು ಕೊಡಲೇಬಾರದೇ? ಎಲ್ಲರನ್ನೂ ನಂಬಿ ಕೈಸುಟ್ಟುಕೊಳ್ಳಬೇಕೇ?' ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ದೂರು ಬೇರೆ, ದೂಷಣೆ ಬೇರೆ. ದೂರು ಹೊಣೆಯುಳ್ಳವನ ಮೇಲೆ ಕೊಡುವಂಥದು. ದೂಷಣೆ ಎದುರಿಗೆ ಸಿಕ್ಕವನ ಮೇಲೆ ಸುರಿಯುವಂಥದು. ನಮ್ಮ ಹಣ ಇಸಕೊಂಡದ್ದು ಕಂಪನಿ. ಉತ್ತರ ಹೇಳಬೇಕಾದದ್ದೂ ಕಂಪನಿ. ವಸ್ತು ಬರಲಿಲ್ಲವೆಂದರೆ ಮೊದಲು ಅಕ್ಕಪಕ್ಕದ ಮನೆ, ಅಂಗಡಿಗಳಲ್ಲಿ ವಿಚಾರಿಸೋಣ. ತಂದವನ ಮಾತನ್ನು ಪೂರ್ತಿ ಕೇಳೋಣ. ಸಿಟ್ಟು ಇಳಿಯಲು ಒಂದು ರಾತ್ರಿ ಬಿಡೋಣ. ಬೆಲೆಯುಳ್ಳ ವಸ್ತುವಾದರೆ ನಾಲ್ಕು ಜನರ ಮುಂದೆ ತೆರೆಯೋಣ. ಆಮೇಲೂ ಮೋಸವೆಂದು ಕಂಡರೆ ನಡೆದದ್ದನ್ನು ನಡೆದಂತೆಯೇ ಬರೆದು, ದೂರಿನ ಸಂಖ್ಯೆ ಪಡೆದು, ಬೇಕಾದರೆ ಆಯೋಗದವರೆಗೂ ಹೋಗೋಣ. ಗೊತ್ತಿದ್ದಷ್ಟನ್ನೇ ಬರೆಯೋಣ: 'ನನಗೆ ತಲುಪಿಲ್ಲ' ಎನ್ನುವುದು ನಾನು ಬಲ್ಲ ಸತ್ಯ, 'ಇವನು ಕದ್ದ' ಎನ್ನುವುದು ನಾನು ಕಟ್ಟಿದ ಊಹೆ. ಇವೆರಡರ ನಡುವಣ ಅಂತರದಲ್ಲಿ ಒಬ್ಬನ ಅನ್ನವಿದೆ. ಮುಂದೆ ವಸ್ತು ಸಿಕ್ಕಿದರೆ, ಯಾರೂ ಕೇಳದಿದ್ದರೂ, ಹೇಳಿದ ಮಾತನ್ನು ನಾವಾಗಿಯೇ ತಿದ್ದಿಕೊಳ್ಳೋಣ.

ಹಾಗೆಯೇ ಮಾರುವ ಸ್ಥಾನದಲ್ಲಿ ನಾವಿದ್ದಾಗಲೂ ಇದೇ ಮಾತು. ನಮ್ಮ ಸೀಮೆಯ ಯುವಕರು ಅರಿಶಿನವನ್ನೋ ಜೇನನ್ನೋ ಮೊಬೈಲಿನ ಮೂಲಕ ಮಾರಲು ಹೊರಟರೆ ಸಂತೋಷವೇ. ಆದರೆ ಡಬ್ಬ ಮುಚ್ಚುವಾಗ ತಾವೊಬ್ಬರೇ ಸಾಕ್ಷಿಯೆಂಬುದನ್ನು ಮರೆಯದಿರಲಿ. ಬೆಂಗಳೂರಿನಲ್ಲಿ ಅದನ್ನು ತೆರೆಯುವ ತಾಯಿ ನಮ್ಮ ಬೆಟ್ಟವನ್ನು ಕಂಡವಳಲ್ಲ. ಆಕೆಗೆ ಸಿಗುವುದು ಆ ಡಬ್ಬ ಮಾತ್ರ, ಅದರಿಂದಲೇ ಆಕೆ ನಮ್ಮನ್ನು ಅಳೆಯುತ್ತಾಳೆ.

ಟಾರ್ಚು ಈಗಲೂ ನಮ್ಮ ಮನೆಯಲ್ಲಿದೆ. ಕಾವಲಿಗೆ ಹೋಗುವಾಗ ಕೈಯಲ್ಲಿ ಹಿಡಿದರೆ ದೂರದ ಬೇಲಿಯವರೆಗೂ ಬೆಳಕು ಬೀಳುತ್ತದೆ, ಆದರೆ ನನಗೆ ನೆನಪಾಗುವುದು ಆ ಹುಡುಗನ ದನಿ. ಓದಿದ ನೀವು ನಿಮ್ಮ ಬಾಗಿಲಿಗೆ ಮುಂದಿನ ಪೆಟ್ಟಿಗೆ ಬಂದಾಗ ತಂದವನ ಹೆಸರು ಕೇಳಿ, ಒಂದು ಲೋಟ ನೀರು ಕೊಟ್ಟರೆ ಈ ಬರಹ ಸಾರ್ಥಕವಾಯಿತೆಂದು ತಿಳಿಯುತ್ತೇನೆ.